ರಸಮಂಜರಿ ವೇದಿಕೆಯ ಸ್ಟೀಲ್ ಗಿಟಾರಿಗೆ ಆಂಪ್: ಶಿವಮೊಗ್ಗದ ಒಂದು ಪ್ರಕರಣ

ಶಿವಮೊಗ್ಗದ ವಾದ್ಯಗೋಷ್ಠಿ ತಂಡವೊಂದರ ಸ್ಟೀಲ್ ಗಿಟಾರ್ (ಅಡ್ಡಲಾಗಿಟ್ಟು ಉಕ್ಕಿನ ಬಾರ್ ಜಾರಿಸಿ ನುಡಿಸುವ ಗಿಟಾರ್) ವಾದಕರು 85 ವ್ಯಾಟ್‌ನ ವಾಲ್ವ್ ಆಂಪ್‌ಗೆ (ಗಾಜಿನ ನಿರ್ವಾತ ಕೊಳವೆಗಳ ಆಂಪ್ಲಿಫೈಯರಿಗೆ) ಮುಂಗಡ ಕೊಡುವುದರಲ್ಲಿದ್ದರು. ಅವರ ಬಳಿ ಇದ್ದದ್ದು 10 ಇಂಚು ಸ್ಪೀಕರಿನ 40 ವ್ಯಾಟ್ ಟ್ರಾನ್ಸಿಸ್ಟರ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವಂಥದ್ದು). ಮನೆಯಲ್ಲಿ ಸೊಗಸಾಗಿ ನುಡಿಯುವ ಅದರ ಸದ್ದು ವೇದಿಕೆ ಹತ್ತಿದ ಕೂಡಲೇ ಒಡೆಯುತ್ತಿತ್ತು, ಅಂದರೆ ಸೀಳಿ ಕರ್ಕಶವಾಗುತ್ತಿತ್ತು. ದೊಡ್ಡ ಆಂಪ್ ಬೇಕಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಸದ್ದು ಒಡೆಯುತ್ತಿದ್ದದ್ದು ಎರಡು ಬೇರೆ ಬೇರೆ ಕಡೆ. ಅದರಲ್ಲಿ ಒಂದು ತೊಂದರೆ ಎಷ್ಟು ದೊಡ್ಡ ಆಂಪ್ ತಂದರೂ ಅದರ ಹಿಂದೆಯೇ ಬರುವಂಥದ್ದು.

ತಂಡದಲ್ಲಿ ಇಬ್ಬರು ಗಾಯಕರು, ಕೀಬೋರ್ಡ್, ಬೇಸ್ ಗಿಟಾರ್, ತಬಲಾ, ಢೋಲಕ್, ರಿದಂ ಪ್ಯಾಡ್. ಗಣೇಶೋತ್ಸವ, ದಸರಾ, ಮಾರಿಜಾತ್ರೆ, ತೀರ್ಥಹಳ್ಳಿ ಕಡೆಯ ಆರತಕ್ಷತೆಗಳು ಎಂದು ಕಾರ್ಯಕ್ರಮಗಳು ಬಹುಪಾಲು ಬಯಲಿನಲ್ಲೇ. ಕುವೆಂಪು ರಂಗಮಂದಿರದಂಥ ಒಳಾಂಗಣ ಸಿಗುವುದು ಅಪರೂಪ. ಗಿಟಾರ್ ಎಂಟು ತಂತಿಯದು, ಸಿ6 ಶ್ರುತಿ (ಸಿ, ಇ, ಜಿ, ಎ ಸ್ವರಗಳಿಗೆ ಕೂಡಿಸಿದ್ದು), ಕೆಳಗಿನ ತಂತಿ 110 ಹರ್ಟ್ಸ್‌ನ ಎ, ಮೇಲಿನದು 392 ಹರ್ಟ್ಸ್‌ನ ಜಿ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಸಿಂಗಲ್ ಕಾಯಿಲ್ (ಒಂದೇ ಸುರುಳಿಯದು), ಆದರೆ ಸುಮಾರು 15 ಕಿಲೋಓಮ್‌ನಷ್ಟು ಸುತ್ತು ಸುತ್ತಿದ ಜೋರಿನದು. ಕಾಲಡಿಗೆ 500 ಕಿಲೋಓಮ್ ಪಾಟ್ (ಬದಲಿಸಬಲ್ಲ ತಡೆ) ಇರುವ, ಬ್ಯಾಟರಿ ಬೇಡದ ವಾಲ್ಯೂಮ್ ಪೆಡಲ್.

ದೂರು ಮೂರು. ಮೂರ‍್ನಾಲ್ಕು ತಂತಿ ಒಟ್ಟಿಗೆ ಮೀಟಿದರೆ ಸದ್ದು ಸೀಳುತ್ತದೆ. ಢೋಲಕ್ ಶುರುವಾದರೆ ತಮ್ಮ ಗಿಟಾರ್ ತಮಗೇ ಕೇಳುವುದಿಲ್ಲ. ಮಾನಿಟರಿನಲ್ಲಿ (ನುಡಿಸುವವರತ್ತ ಮುಖಮಾಡಿದ ಸ್ಪೀಕರಿನಲ್ಲಿ) ಹೆಚ್ಚಿಗೆ ಬೇಕೆಂದರೆ ಸೌಂಡ್‌ನವರದ್ದು ಒಂದೇ ಉತ್ತರ: "ಇನ್ನು ಏರಿಸಿದ್ರೆ ಕೂಗ್ತದೆ ಮಾರಾಯ್ರೆ." ಮೂರನೆಯ ದೂರು ಕೇಳುವವರದ್ದು: ಸ್ವರ ಕೆಲವೊಮ್ಮೆ ಮಂಕು, ಕೆಲವೊಮ್ಮೆ ಚುಚ್ಚು.

ಸ್ಟೀಲ್ ಗಿಟಾರ್ ಆಂಪನ್ನು ಹೆಚ್ಚು ದುಡಿಸುವುದು ಏಕೆ

ಸಾಮಾನ್ಯ ಎಲೆಕ್ಟ್ರಿಕ್ ಗಿಟಾರ್ ವಾದಕನಿಗೆ ಆಂಪ್ ತುಸು ಒಡೆದರೆ ಅದೇ ಬಣ್ಣ. ಸ್ಟೀಲ್ ವಾದಕನಿಗೆ ಹಾಗಲ್ಲ. ಬಾರ್ ಜಾರುವಾಗ ಎರಡು ಮೂರು ತಂತಿಗಳ ಶ್ರುತಿ ಒಟ್ಟಿಗೆ ಸರಿಯುತ್ತದೆ. ಆಂಪ್ ಒಡೆದರೆ ಆ ಸ್ವರಗಳ ಮೊತ್ತ-ವ್ಯತ್ಯಾಸದ ಅಪಸ್ವರಗಳು ಹುಟ್ಟಿ, ಅವೂ ಜೊತೆಗೇ ಜಾರುತ್ತವೆ. ಕಿವಿಗೆ ಇದು ಬೇಸೂರಾಗಿಯೇ ಕೇಳುತ್ತದೆ, ಬಾರ್ ಎಷ್ಟೇ ನೇರ ಇದ್ದರೂ.

ಇನ್ನೊಂದು ಕಾರಣ ಪೆಡಲ್. ಪೆಡಲ್ ಅರ್ಧ ತೆರೆದಿಟ್ಟು ಮೀಟಿ, ಸ್ವರ ಇಳಿಯುತ್ತಾ ಬಂದಂತೆ ಕಾಲು ಒತ್ತಿ ಅದನ್ನು ಎತ್ತಿ ಹಿಡಿಯುವುದೇ ಈ ವಾದ್ಯದ ಉಸಿರು. ಹೀಗಾಗಿ ಆಂಪ್ ಯಾವತ್ತೂ ಬೇಕಾದ್ದಕ್ಕಿಂತ ಹೆಚ್ಚಿನ ಮಟ್ಟಕ್ಕೆ ಸಿದ್ಧವಾಗಿರಬೇಕು. ಪೆಡಲ್ ಪೂರ್ತಿ ತೆರೆದಿರುವಾಗಲೇ ಹೊಸ ಸ್ವರ ಮೀಟಿದರೆ ಆ ಕ್ಷಣದ ಏಟು ಸರಾಸರಿ ಮಟ್ಟಕ್ಕಿಂತ 15 ಡೆಸಿಬೆಲ್ ಮೇಲಕ್ಕೆ ಸುಲಭವಾಗಿ ಹೋಗುತ್ತದೆ. 15 ಡೆಸಿಬೆಲ್ ಎಂದರೆ ಸುಮಾರು 32 ಪಟ್ಟು ಶಕ್ತಿ. ಸರಾಸರಿ 3 ವ್ಯಾಟ್‌ನಲ್ಲಿ ನುಡಿಯುತ್ತಿರುವ ಗಿಟಾರ್ ಆ ಒಂದು ಕ್ಷಣಕ್ಕೆ 96 ವ್ಯಾಟ್ ಕೇಳುತ್ತದೆ. 40 ವ್ಯಾಟ್ ಆಂಪ್ ಎಲ್ಲಿಂದ ಕೊಡಬೇಕು?

ಎಲ್ಲಿ ಒಡೆಯುತ್ತಿದೆ

ಕೊಳ್ಳುವ ಮೊದಲು ಹಳೆಯ ಆಂಪನ್ನೇ ಪರೀಕ್ಷೆಗೆ ಒಡ್ಡಲಾಯಿತು. ಮೊದಲು ಗಿಟಾರಿನ ವಾಲ್ಯೂಮ್ ಅರ್ಧಕ್ಕೆ ಇಳಿಸಿ, ಆಂಪ್‌ನ ಮಾಸ್ಟರ್ (ಕೊನೆಯ ಮಟ್ಟ ಹೊಂದಿಸುವ ಗುಬ್ಬಿ) ಏರಿಸಿ ಒಟ್ಟು ಸದ್ದನ್ನು ಮೊದಲಿನಷ್ಟಕ್ಕೇ ತರುವುದು. ಹೀಗೆ ಮಾಡಿದಾಗ ಮೀಟಿನ ತುದಿಯಲ್ಲಿ ಬರುತ್ತಿದ್ದ 'ಚರ್' ಸದ್ದು ಪೂರ್ತಿ ಹೋಯಿತು. ಕೆಳಗಿನ ತಂತಿಗಳ ಗುಂಪು ಮೀಟಿದಾಗಿನ 'ಬರ್ರ್' ಮಾತ್ರ ಉಳಿಯಿತು.

ಹೋದದ್ದು ಇನ್‌ಪುಟ್ ಹಂತದ, ಅಂದರೆ ಗಿಟಾರಿನ ಸಂಕೇತ ಆಂಪ್ ಹೊಕ್ಕ ಕೂಡಲೇ ಹಿಗ್ಗುವ ಮೊದಲ ಹಂತದ ತೊಂದರೆ. ಜೋರು ಪಿಕಪ್, ಲೋಹದ ಫಿಂಗರ್‌ಪಿಕ್ ಎರಡೂ ಸೇರಿದರೆ ಮೀಟಿನ ತುದಿ 1 ವೋಲ್ಟ್ ದಾಟಬಲ್ಲದು. ಸಣ್ಣ ಕಾಂಬೊಗಳ ಮೊದಲ ಹಂತವನ್ನು ಇದಕ್ಕಿಂತ ಮೆತ್ತಗಿನ ಗಿಟಾರಿಗೆಂದು ಮಾಡಿರುತ್ತಾರೆ. ಅಲ್ಲಿ ಒಡೆದ ಸದ್ದನ್ನು ಮುಂದೆ 200 ವ್ಯಾಟ್‌ಗೆ ಹಿಗ್ಗಿಸಿದರೂ ಅದು ಒಡೆದ ಸದ್ದೇ. ಫೆಂಡರ್ ಟ್ವಿನ್ ರಿವರ್ಬ್‌ನಂಥ ಆಂಪ್‌ಗಳಲ್ಲಿ ಎರಡನೆಯ ಇನ್‌ಪುಟ್ ಇರುವುದು ಇದಕ್ಕೇ, ಅದು 6 ಡೆಸಿಬೆಲ್ ಕಡಿಮೆ. ಆದರೆ ಅದರ ಇನ್‌ಪುಟ್ ತಡೆ ಸುಮಾರು 136 ಕಿಲೋಓಮ್‌ಗೆ ಇಳಿಯುವುದರಿಂದ ಪಿಕಪ್‌ನ ಮೇಲಿನ ಹೊಳಪೂ ಕೊಂಚ ಹೋಗುತ್ತದೆ. ಚುಚ್ಚುವ ಪಿಕಪ್‌ಗೆ ಅದು ಒಳ್ಳೆಯದೇ, ಮಂಕು ಪಿಕಪ್‌ಗೆ ಬೇಡ.

ಉಳಿದ 'ಬರ್ರ್' ಪವರ್ ಹಂತದ್ದೋ (ಸ್ಪೀಕರಿಗೆ ಶಕ್ತಿ ಕೊಡುವ ಕೊನೆಯ ಹಂತ) ಸ್ಪೀಕರಿನದ್ದೋ ತಿಳಿಯಬೇಕಿತ್ತು. ಕಾಂಬೊ ಒಳಗಿನ 8 ಓಮ್ ಸ್ಪೀಕರ್ ತಂತಿ ಬಿಡಿಸಿ, 8 ಓಮ್‌ನದ್ದೇ ಆದ 12 ಇಂಚಿನ ಬೇರೆ ಕ್ಯಾಬಿನೆಟ್ಟಿಗೆ ಜೋಡಿಸಲಾಯಿತು. ಒಳಗಿನ ಸ್ಪೀಕರಿನ ಸಂವೇದನೆ 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 92 ಡೆಸಿಬೆಲ್, ಹೊರಗಿನದ್ದು 99. ವ್ಯತ್ಯಾಸ 7 ಡೆಸಿಬೆಲ್. ಅಂದರೆ ಅದೇ 40 ವ್ಯಾಟ್ ಈಗ 200 ವ್ಯಾಟ್‌ನಷ್ಟು ಕೇಳಬೇಕು. ಕೇಳಿತು ಕೂಡ: ದೊಡ್ಡ ಕೊರತೆ ಸ್ಪೀಕರಿನದ್ದು ಎಂದಾಯಿತು. ಆಂಪ್‌ನ ಪಟ್ಟಿಯ ಮೇಲೆ ವ್ಯಾಟ್ ಮಾತ್ರ ದಪ್ಪಕ್ಷರದಲ್ಲಿರುತ್ತದೆ, ಸ್ಪೀಕರಿನ ಸಂವೇದನೆಯನ್ನು ಹುಡುಕಿ ಓದಬೇಕು. ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ.

ಈ ಪರೀಕ್ಷೆ ಮಾಡುವವರಿಗೆ ಒಂದು ಎಚ್ಚರಿಕೆ. ಟ್ರಾನ್ಸಿಸ್ಟರ್ ಆಂಪ್‌ಗೆ ಅದು ಹೇಳಿದ್ದಕ್ಕಿಂತ ಕಡಿಮೆ ಓಮ್‌ನ ಸ್ಪೀಕರ್ ಹಾಕಬಾರದು. ವಾಲ್ವ್ ಆಂಪ್‌ಗಾದರೆ ಸ್ಪೀಕರ್ ಇಲ್ಲದೆ ಚಾಲೂ ಮಾಡಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ವಾಲ್ವ್ ಆಂಪ್‌ನ ಒಳಗೆ 400 ವೋಲ್ಟ್ ಮೀರಿದ ನೇರ ವಿದ್ಯುತ್ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತದೆ. ಗೊತ್ತಿಲ್ಲದವರು ಹಿಂಬದಿ ಬಿಚ್ಚುವುದು ಬೇಡ.

ಎಷ್ಟು ಬೇಕು ಎಂಬ ಲೆಕ್ಕ

ಆಂಪ್ ಇಡೀ ಮೈದಾನಕ್ಕೆ ಕೇಳಬೇಕಿಲ್ಲ. ಅದು ಮೈಕ್‌ಸೆಟ್ಟಿನ ಕೆಲಸ. ಆಂಪ್ ಕೇಳಬೇಕಾದದ್ದು ವಾದಕರ ಕಿವಿಗೆ, ಪಕ್ಕದ ಕೀಬೋರ್ಡಿನವರಿಗೆ, ಮತ್ತು ಅದರ ಮುಂದಿಟ್ಟ ಮೈಕಿಗೆ. ಇಂಥ ತಂಡದ ವೇದಿಕೆಯ ಮೇಲೆ ಸರಾಸರಿ 95 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಗಿಟಾರ್ ಅದಕ್ಕೆ ಸಮ ನಿಲ್ಲಬೇಕು. ಮೀಟಿನ ಏಟಿಗೆ 15, ಕೈಮೀರಿದ ಸಂದರ್ಭಕ್ಕೆ 3 ಸೇರಿಸಿ: ಕಿವಿಯ ಬಳಿ 113. ಆಂಪ್ ಕಿವಿಯಿಂದ ಒಂದೂವರೆ ಮೀಟರ್ ದೂರ, ಅದಕ್ಕೆ 3.5 ಕಳೆಯುತ್ತದೆ. ಹಾಗಾಗಿ 1 ಮೀಟರಿನಲ್ಲಿ 116.5 ಡೆಸಿಬೆಲ್ ಬೇಕು.

ಇಷ್ಟನ್ನು ಮುಟ್ಟಲು 94 ಡೆಸಿಬೆಲ್ ಸ್ಪೀಕರಿಗೆ ಸುಮಾರು 180 ವ್ಯಾಟ್, 97 ಡೆಸಿಬೆಲ್‌ನದ್ದಕ್ಕೆ 90, 100 ಡೆಸಿಬೆಲ್‌ನದ್ದಕ್ಕೆ 45 ವ್ಯಾಟ್ ಸಾಕು. ಹಳೆಯ ಕಾಂಬೊ ತನ್ನ 92 ಡೆಸಿಬೆಲ್ ಸ್ಪೀಕರ್, 40 ವ್ಯಾಟ್‌ನಲ್ಲಿ ಕಿವಿಗೆ ಮುಟ್ಟಿಸಬಲ್ಲ ಗರಿಷ್ಠ 104.5. ಏಟಿನ 15 ಕಳೆದರೆ ಸರಾಸರಿ 89.5. ಢೋಲಕ್ ಬಂದ ಕೂಡಲೇ ಗಿಟಾರ್ ಮುಳುಗುತ್ತಿದ್ದದ್ದು ವಾದಕರ ಭ್ರಮೆಯೇನಲ್ಲ.

ವೇದಿಕೆಯ ಕರೆಂಟು

ಬಯಲು ಕಾರ್ಯಕ್ರಮಗಳಲ್ಲಿ ಇದನ್ನು ಮರೆಯುವಂತಿಲ್ಲ. ದೇವಸ್ಥಾನದ ಮೀಟರ್ ಬೋರ್ಡಿನಿಂದ ವೇದಿಕೆಗೆ 100 ಮೀಟರ್ ವೈರ್ ಎಳೆದಿದ್ದಾರೆ, ದಪ್ಪ 1.5 ಚದರ ಮಿಲಿಮೀಟರ್ ತಾಮ್ರ. ಹೋಗಿ ಬರುವ ದಾರಿ 200 ಮೀಟರ್, ತಡೆ ಸುಮಾರು 2.4 ಓಮ್. ಲೈಟು, ಮಿಕ್ಸರ್, ಮಾನಿಟರ್ ಎಲ್ಲ ಸೇರಿ 10 ಆಂಪಿಯರ್ ಎಳೆದರೆ ದಾರಿಯಲ್ಲೇ 24 ವೋಲ್ಟ್ ಹೋಯಿತು. ಸಂಜೆ ಹೊತ್ತಿಗೆ ಬೋರ್ಡಿನಲ್ಲೇ 210 ಇದ್ದರೆ ವೇದಿಕೆಯ ಪ್ಲಗ್‌ನಲ್ಲಿ ಸಿಗುವುದು 186. ಅದೇ ವೈರ್ 4 ಚದರ ಮಿಲಿಮೀಟರಿನದ್ದಾದರೆ ನಷ್ಟ 9 ವೋಲ್ಟ್ ಮಾತ್ರ.

ಮಾಮೂಲಿ ಟ್ರಾನ್ಸ್‌ಫಾರ್ಮರ್ ಇರುವ ಆಂಪ್‌ನಲ್ಲಿ ಒಡೆಯದೆ ಸಿಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಜಾಗದಲ್ಲಿ 186 ಬಂದರೆ 85 ವ್ಯಾಟ್ ಹೋಗಿ 55ರ ಆಸುಪಾಸು ಉಳಿಯುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ ಇದು ಎರಡಕ್ಕಿಂತ ಕಡಿಮೆ, ದೊಡ್ಡ ನಷ್ಟವೇನಲ್ಲ. ನಿಜವಾದ ಪೆಟ್ಟು ವಾಲ್ವ್‌ಗಳ ಹೀಟರಿಗೆ. 6.3 ವೋಲ್ಟ್ ಇರಬೇಕಾದಲ್ಲಿ 5.1 ಸಿಗುತ್ತದೆ, ಹತ್ತು ಶೇಕಡದ ಮಿತಿ ಮೀರಿ ಕೆಳಗೆ. ಸ್ವರ ಸೊರಗುತ್ತದೆ, ವಾಲ್ವ್‌ನ ಆಯುಸ್ಸೂ ಕುಗ್ಗುತ್ತದೆ. ಸ್ಟೆಬಿಲೈಸರ್ ಹಾಕಬಹುದು, ಆದರೆ ರಿಲೇ ಬಗೆಯದ್ದು ಹಾಡಿನ ನಡುವೆ 'ಟಪ್' ಎಂದು ಬದಲಾಗುವುದು ಸ್ಪೀಕರಿನಲ್ಲೇ ಕೇಳುತ್ತದೆ. ಸರ್ವೋ ಬಗೆಯದ್ದಾದರೆ ಅದರ ಭಾರವನ್ನೂ ಹೊತ್ತೊಯ್ಯಬೇಕು.

ಎದುರಿಗಿದ್ದ ಆಯ್ಕೆಗಳು

ಮನಸ್ಸಿನಲ್ಲಿದ್ದದ್ದು ಟ್ವಿನ್ ರಿವರ್ಬ್. 85 ವ್ಯಾಟ್, 12 ಇಂಚಿನ ಎರಡು ಸ್ಪೀಕರ್, ನಾಲ್ಕು 6ಎಲ್6 ವಾಲ್ವ್. ಸ್ವಚ್ಛ ಸದ್ದಿನ ವಿಷಯದಲ್ಲಿ ಅದರ ಮೇಲೆ ದೂರಿಲ್ಲ, ಮೇಲಿನ ಲೆಕ್ಕವನ್ನೂ ಅದು ಆರಾಮಾಗಿ ದಾಟುತ್ತದೆ. ಆದರೆ ತೂಕ ಸುಮಾರು 29 ಕಿಲೋ. ತಂಡ ಓಡಾಡುವುದು ಟೆಂಪೋದಲ್ಲಿ, ಆಗುಂಬೆ ಘಾಟಿಯ 14 ತಿರುವುಗಳೂ ಅದರಲ್ಲಿ ಸೇರಿವೆ. ವರ್ಷಗಟ್ಟಲೆ ಕುಲುಕಾಡಿದ ವಾಲ್ವ್ ತಟ್ಟಿದರೆ ಠಣ್ ಎನ್ನತೊಡಗುತ್ತದೆ. ಹೊಂದಿಸಿದ ನಾಲ್ಕು ವಾಲ್ವ್‌ಗಳ ಸೆಟ್ ತರಿಸಿ ಬಯಾಸ್ (ವಾಲ್ವ್ ಕೆಲಸ ಮಾಡುವ ವಿದ್ಯುತ್ ಮಟ್ಟ) ಕೂಡಿಸಬಲ್ಲವರನ್ನು ಹುಡುಕಿ ಬೆಂಗಳೂರಿಗೇ ಹೋಗಬೇಕಾಗಬಹುದು. ಗಣಪತಿ ಹಬ್ಬದ ವಾರದಲ್ಲಿ ಆಂಪ್ ಕೈಕೊಟ್ಟರೆ ಕಾಯಲು ವ್ಯವಧಾನ ಯಾರಿಗಿದೆ?

ರೋಲಂಡ್ ಜೆಸಿ-120 ಗಂಭೀರವಾದ ಪೈಪೋಟಿ. 1975ರಿಂದ ಬರುತ್ತಿರುವ ಟ್ರಾನ್ಸಿಸ್ಟರ್ ಆಂಪ್, 60 ವ್ಯಾಟ್‌ನ ಎರಡು ಬದಿ, ಎರಡು ಸ್ಪೀಕರ್. ಕೋರಸ್ (ಒಂದು ದನಿಯನ್ನು ಹಲವಾಗಿ ಕೇಳಿಸುವ ಪರಿಣಾಮ) ಆಫ್ ಮಾಡಿದರೆ ಅಪ್ಪಟ ಸ್ವಚ್ಛ ಸದ್ದು. ವಾಲ್ವ್ ಬದಲಿಸುವ ರಗಳೆಯಿಲ್ಲ, ಒಳ್ಳೆಯ ಆಡಿಯೊ ಮೆಕ್ಯಾನಿಕ್ ಯಾರಾದರೂ ರಿಪೇರಿ ಮಾಡಿಯಾರು. ತೂಕ ಮಾತ್ರ ಇದೂ ಸುಮಾರು 28 ಕಿಲೋ. ಎತ್ತಲು ಇನ್ನೊಬ್ಬರು ಯಾವಾಗಲೂ ಜೊತೆಗಿದ್ದರೆ ಇದನ್ನೇ ಕೊಳ್ಳಿ ಎನ್ನಬಹುದಿತ್ತು.

ಅಮೆರಿಕದ ಪೆಡಲ್ ಸ್ಟೀಲ್ (ಕಾಲಿನ ಪೆಡಲಿನಿಂದ ತಂತಿಯ ಶ್ರುತಿ ಬದಲಿಸುವ ಸ್ಟೀಲ್ ಗಿಟಾರ್) ವಾದಕರ ನಡುವೆ ದಶಕಗಳಿಂದ ನಡೆದುಬಂದ ಪೀವಿ ನ್ಯಾಶ್‌ವಿಲ್ 400, 15 ಇಂಚಿನ ಸ್ಪೀಕರಿನ 210 ವ್ಯಾಟ್ ಆಂಪ್, ಇದೇ ವಾದ್ಯಕ್ಕೆಂದು ಮಾಡಿದ್ದು. ಹಳೆಯದು ಸಿಕ್ಕರೂ ಅದನ್ನು ಇಲ್ಲಿಗೆ ತರಿಸಿ, ಅಲ್ಲಿನ 120 ವೋಲ್ಟ್‌ಗೆ ಇಳಿಕೆ ಟ್ರಾನ್ಸ್‌ಫಾರ್ಮರ್ ಕಟ್ಟುವುದು ಅತಿಯಾಯಿತು. ಅದರಿಂದ ಕಲಿಯಬೇಕಾದ್ದು ಒಂದಿದೆ: ಸುಮಾರು 800 ಹರ್ಟ್ಸ್ ಬಳಿ ಮಿಡ್ (ನಡು ಸ್ಥಾಯಿಯ ಸದ್ದು) ಇಳಿಸುವ ಅಲ್ಲಿನ ರೂಢಿ. ಸ್ಟೀಲಿನ ಮೂಗಿನ ದನಿ ಕೂತಿರುವುದೇ ಅಲ್ಲಿ.

ಕೀಬೋರ್ಡ್ ಆಂಪ್ ಶಿವಮೊಗ್ಗದಲ್ಲೇ ಸಿಗುತ್ತದೆ, ಬೆಲೆಯೂ ಕಡಿಮೆ ಎಂದು ಹಲವರು ಹೇಳಿದರು. ಅದರ ಟ್ವೀಟರಿನಲ್ಲಿ ಬಾರ್ ಉಜ್ಜುವ ಸದ್ದು, ಪಿಕ್ಕಿನ ಟಿಕಟಿಕ ಎಲ್ಲ ಎದ್ದು ಬರುತ್ತದೆ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಮೇಲಿನದನ್ನು ತಾನೇ ನುಂಗಿಬಿಡುವುದು ವರವೇ ಹೊರತು ದೋಷವಲ್ಲ. ಲೈನ್ ಇನ್‌ಪುಟ್ಟಿನ ಕಡಿಮೆ ತಡೆಗೆ ಈ ಪಿಕಪ್ ನೇರ ಹಚ್ಚಿದರೆ ಸದ್ದು ಸತ್ತುಹೋಗುತ್ತದೆ.

ಕೊನೆಗೆ ಆರಿಸಿದ್ದು ಕ್ಲಾಸ್ ಡಿ ಹೆಡ್ಡು (ಸ್ಪೀಕರಿಲ್ಲದ, ಸ್ವಿಚಿಂಗ್ ಬಗೆಯ ಹಗುರ ಆಂಪ್), ಜೊತೆಗೆ 12 ಇಂಚಿನ ಒಂದೇ ಸ್ಪೀಕರಿನ ಕ್ಯಾಬಿನೆಟ್. ಹೆಡ್ 4 ಓಮ್‌ಗೆ 200 ವ್ಯಾಟ್, 8 ಓಮ್‌ಗೆ 120ರ ಸುಮಾರು. ಸ್ಪೀಕರ್ 8 ಓಮ್, 99 ಡೆಸಿಬೆಲ್, 150 ವ್ಯಾಟ್ ತಾಳುವಂಥದ್ದು. ಕಿವಿಯ ಬಳಿ ಗರಿಷ್ಠ 116, ಬೇಕಿದ್ದದ್ದು 113. ಹೆಡ್ಡಿನ ಪವರ್ ಸಪ್ಲೈ 100ರಿಂದ 240 ವೋಲ್ಟ್‌ವರೆಗೆ ತಾನೇ ಹೊಂದಿಕೊಳ್ಳುವುದರಿಂದ 186 ಬಂದರೂ ಶಕ್ತಿ ಇಳಿಯುವುದಿಲ್ಲ. ನಮ್ಮ ಕಡೆಯ ವೇದಿಕೆಗಳಿಗೆ ವ್ಯಾಟ್‌ಗಿಂತ ಈ ಒಂದು ಗುಣವೇ ದೊಡ್ಡದು. ಹೆಡ್ ಬ್ಯಾಗಿನಲ್ಲಿ ಹಿಡಿಸುತ್ತದೆ, ಕ್ಯಾಬಿನೆಟ್ ಒಂದು ಕೈಯಲ್ಲಿ ಏಳುತ್ತದೆ. ಕೊರತೆಯೂ ಇದೆ: ಬೋರ್ಡ್ ಹೋದರೆ ಇಲ್ಲಿ ರಿಪೇರಿ ಕಷ್ಟ, ಇಡೀ ಬೋರ್ಡೇ ಬದಲು. ಅದಕ್ಕೆಂದು ಕ್ಯಾಬಿನೆಟ್ ಸದ್ದನ್ನು ಅನುಕರಿಸುವ ಸಣ್ಣ ಡಿಐ ಪೆಡಲ್ ಒಂದು ಬ್ಯಾಗಿನಲ್ಲಿ ಸದಾ ಇರುತ್ತದೆ. ಆಂಪ್ ಸತ್ತರೆ ಗಿಟಾರ್ ಅದರ ಮೂಲಕ ನೇರ ಮಿಕ್ಸರಿಗೆ.

ಮಂಕು ಸದ್ದಿನ ಮೂಲ

ಹೊಸ ಆಂಪ್ ಬಂದ ಮೇಲೂ ಒಂದು ದೂರು ಉಳಿಯಿತು: ಪೆಡಲ್ ಅರ್ಧದಲ್ಲಿದ್ದಾಗ ಸದ್ದು ಮಂಕು, ಪೂರ್ತಿ ತೆರೆದಾಗ ಚುಚ್ಚು. ಇದು ಪೆಡಲಿನಿಂದ ಆಂಪ್‌ವರೆಗಿನ ಕೇಬಲ್ ಮಾಡುವ ಕೆಲಸ. 500 ಕಿಲೋಓಮ್ ಪಾಟ್ ನಡುವೆ ನಿಂತಾಗ ಅದರ ಹೊರ ತಡೆ 125 ಕಿಲೋಓಮ್‌ವರೆಗೆ ಏರುತ್ತದೆ. ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್, 6 ಮೀಟರಿಗೆ 600. ಇವೆರಡೂ ಸೇರಿದರೆ 2.1 ಕಿಲೋಹರ್ಟ್ಸ್‌ನಿಂದಲೇ ಮೇಲಿನ ಹೊಳಪು ಇಳಿಯತೊಡಗುತ್ತದೆ. ಪೆಡಲ್ ಪೂರ್ತಿ ತೆರೆದರೆ ಈ ತಡೆ ಮಾಯ, ಹೊಳಪು ಒಮ್ಮೆಲೇ ವಾಪಸ್.

ಪರಿಹಾರ ಒಂದು ಬಫರ್ ಪೆಡಲ್, ಅಂದರೆ ಸದ್ದು ಬದಲಿಸದೆ ಹೊರ ತಡೆಯನ್ನು ಇಳಿಸುವ ಸಾಧನ. ಎಲ್ಲಿ ಇಡಬೇಕೆಂಬುದರಲ್ಲಿ ಹಲವರು ಎಡವುತ್ತಾರೆ. ವಾಲ್ಯೂಮ್ ಪೆಡಲಿನ ಮುಂಚೆ ಇಟ್ಟರೆ ಪಾಟ್ ನಡುವಿನ 125 ಕಿಲೋಓಮ್ ಹಾಗೆಯೇ ಉಳಿಯುತ್ತದೆ, ಏನೂ ಸುಧಾರಿಸುವುದಿಲ್ಲ. ಪೆಡಲ್ ಆದಮೇಲೆ, 30 ಸೆಂಟಿಮೀಟರಿನ ಪ್ಯಾಚ್ ಕೇಬಲ್ ಹಾಕಿ ಇಡಬೇಕು. ಆಗ ಪೆಡಲ್ ಎದುರಿಸುವುದು ಬರೀ 30 ಪಿಕೋಫ್ಯಾರಡ್, ಇಳಿತ ಶುರುವಾಗುವುದು ಕಿವಿಗೆ ನಿಲುಕದ ಎತ್ತರದಲ್ಲಿ. ಬಫರ್ ಮುಂಚೆಯೇ ಬೇಕೆನ್ನುವವರು 25 ಕಿಲೋಓಮ್ ಪಾಟ್‌ನ ಪೆಡಲ್ ಕೊಳ್ಳಬೇಕು.

ಆಂಪ್ ಹೊಂದಿಸಿದ ಕ್ರಮ ಹೀಗೆ. ಪೆಡಲ್ ಪೂರ್ತಿ ತೆರೆದು, ಕೆಳಗಿನ ಮೂರು ತಂತಿಗಳನ್ನು ಆದಷ್ಟು ಜೋರಾಗಿ ಮೀಟುತ್ತಾ ಗೇನ್ (ಮೊದಲ ಹಂತದ ಮಟ್ಟ) ಏರಿಸಿ, ಒಡೆಯುವ ಸುಳಿವು ಸಿಕ್ಕಿದ ಕೂಡಲೇ ಒಂದು ಗೆರೆ ಇಳಿಸುವುದು. ಆಮೇಲೆ ಪೆಡಲ್ ಅರ್ಧಕ್ಕೆ ತಂದು, ತಂಡ ನುಡಿಸುತ್ತಿರುವಾಗ ಮಾಸ್ಟರ್ ಏರಿಸುವುದು. ಬಹುತೇಕರು ತಿರುಗಾ ಮುರುಗಾ ಮಾಡುತ್ತಾರೆ: ಪೆಡಲ್ ಪೂರ್ತಿ ಒತ್ತಿಕೊಂಡೇ ಮಾಸ್ಟರ್ ನಿಲ್ಲಿಸುತ್ತಾರೆ, ಸ್ವರ ಇಳಿಯುವಾಗ ಎತ್ತಿ ಹಿಡಿಯಲು ಕಾಲಿಗೆ ಜಾಗವೇ ಉಳಿಯುವುದಿಲ್ಲ. ಟ್ರೆಬಲ್ 4, ಬೇಸ್ 4ರಿಂದ ಶುರು ಮಾಡಿ, ಬ್ರೈಟ್ ಸ್ವಿಚ್ ಆಫ್. 12ನೆಯ ಮನೆಯಿಂದ ಆಚೆ ಚುಚ್ಚಿದರೆ ಟ್ರೆಬಲ್ ಇಳಿಸುವ ಮೊದಲು ಬಲಗೈಯನ್ನು ಬ್ರಿಡ್ಜ್‌ನಿಂದ ಒಂದೆರಡು ಇಂಚು ಈಚೆ ತಂದು ಮೀಟಿ ನೋಡಬೇಕು.

ಹಲಗೆ ಹಾಸಿದ ಪೊಳ್ಳು ವೇದಿಕೆಯ ಮೇಲೆ ಕ್ಯಾಬಿನೆಟ್ ನೇರ ಇಟ್ಟರೆ ಇಡೀ ವೇದಿಕೆ ಡೊಳ್ಳಿನ ಹಾಗೆ ಗುಂಯ್ಗುಡುತ್ತದೆ. ಪ್ಲಾಸ್ಟಿಕ್ ಕ್ರೇಟಿನ ಮೇಲೆ ಅರ್ಧ ಮೀಟರ್ ಎತ್ತರಿಸಿ, ಮುಖವನ್ನು ಕಿವಿಯತ್ತ ವಾಲಿಸಿದರೆ ಅದು ನಿಂತಿತು. ಮಾನಿಟರಿನಲ್ಲಿ ಗಿಟಾರ್ ಬೇಡವೇ ಬೇಡ ಎಂದಾಯಿತು, ಸೌಂಡ್‌ನವರ 'ಮಾನಿಟರ್ ಕೂಗ್ತದೆ' ಎಂಬ ಭಯವೂ ಹೋಯಿತು.

ಮೈಕ್ ಮತ್ತು ಷಾಕ್

ಸ್ಪೀಕರಿನ ಮುಂದೆ 5 ಸೆಂಟಿಮೀಟರಿನಲ್ಲಿ, ನಡುವಿನ ಗುಮ್ಮಟದಿಂದ ಅಂಚಿನತ್ತ ಸರಿಸಿ ಒಂದು ಎಸ್ಎಂ57 ಮೈಕ್. ಸೌಂಡ್‌ನವರು ಉತ್ಸಾಹದಲ್ಲಿ ಹೆಡ್ಡಿನ ಡಿಐ (ಮಿಕ್ಸರಿಗೆ ನೇರ ಹೋಗುವ ಸಂಕೇತ) ಕೂಡ ತೆಗೆದುಕೊಂಡು ಎರಡನ್ನೂ ಬೆರೆಸಿದಾಗ ಗಿಟಾರ್ ತೆಳ್ಳಗಾಯಿತು. ಆ 5 ಸೆಂಟಿಮೀಟರಿನ ವಿಳಂಬದಿಂದಲೇ 3.4 ಕಿಲೋಹರ್ಟ್ಸ್ ಸುತ್ತ ಎರಡೂ ಒಂದನ್ನೊಂದು ಕಳೆಯುತ್ತವೆ. ಎರಡರಲ್ಲಿ ಒಂದೇ ಸಾಕು. ಮಳೆ, ಗಾಳಿ ಇದ್ದರೆ ಡಿಐ, ಇಲ್ಲದಿದ್ದರೆ ಮೈಕ್.

ಈ ವಾದಕರು ಹಾಡಿಗೆ ದನಿಯೂ ಕೂಡಿಸುತ್ತಾರೆ. ಎಡಗೈಯಲ್ಲಿ ಉಕ್ಕಿನ ಬಾರ್ ತಂತಿಗೆ ತಾಗಿರುತ್ತದೆ, ತಂತಿ ಆಂಪ್‌ನ ಅರ್ತ್‌ಗೆ, ತುಟಿ ಮೈಕಿನ ಜಾಲರಿಗೆ. ಆಂಪ್ ಒಂದು ಲೈನಿನಲ್ಲಿ, ಮಿಕ್ಸರ್ ಜನರೇಟರಿನ ಇನ್ನೊಂದು ಲೈನಿನಲ್ಲಿದ್ದು ಅರ್ತಿಂಗ್ ಸರಿಯಿಲ್ಲದಿದ್ದರೆ ನಡುವೆ ಸಿಕ್ಕಿಕೊಳ್ಳುವುದು ಮನುಷ್ಯ, ಅದೂ ಒದ್ದೆ ನೆಲದ ಮೇಲೆ. ಸೌಂಡ್ ಚೆಕ್ಕಿಗೆ ಮೊದಲು ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ತಂತಿಗೂ ಮೈಕಿನ ಜಾಲರಿಗೂ ನಡುವೆ ಅಳೆಯಬೇಕು. ಒಂದೆರಡು ವೋಲ್ಟ್ ದಾಟಿದರೆ ನುಡಿಸುವುದು ಬೇಡ, ಎರಡನ್ನೂ ಒಂದೇ ಪ್ಲಗ್ ಬೋರ್ಡಿಗೆ ತಂದು ಮತ್ತೆ ಅಳೆಯಬೇಕು. ಬೋರ್ಡಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಸೋರಿಕೆ ಕಂಡ ಕೂಡಲೇ ಕರೆಂಟು ಕಡಿಯುವ ಸ್ವಿಚ್) ಇರಲೇಬೇಕು. ಹಮ್ಮಿಂಗ್ ಹೋಗಲೆಂದು ಪ್ಲಗ್ಗಿನ ಅರ್ತ್ ಪಿನ್ ಕತ್ತರಿಸುವ ಚಾಳಿ ಇನ್ನೂ ಇದೆ, ಅದು ಜೀವಕ್ಕೇ ಸಂಚಕಾರ. ಹಮ್ಮಿಂಗ್‌ಗೆ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ (ಸಿಗ್ನಲ್ ಕೇಬಲಿನ ಗ್ರೌಂಡ್ ಮಾತ್ರ ಬಿಡಿಸುವ ಗುಂಡಿ) ಒತ್ತಿದರಾಯಿತು. ಅದಕ್ಕೂ ಹೋಗದೆ 'ಜ್ಜ್' ಎನ್ನುತ್ತಿದ್ದರೆ ಅಲಂಕಾರದ ಲೈಟುಗಳ ಡಿಮ್ಮರಿನ ಸದ್ದನ್ನು ಸಿಂಗಲ್ ಕಾಯಿಲ್ ಹಿಡಿಯುತ್ತಿದೆ ಎಂದರ್ಥ. ಗಿಟಾರನ್ನು ಕುಳಿತಲ್ಲೇ ಕಾಲು ಸುತ್ತು ತಿರುಗಿಸಿದರೆ ಬಹುಪಾಲು ಇಳಿಯುತ್ತದೆ.

ಹೆಡ್ಡಿನಿಂದ ಕ್ಯಾಬಿನೆಟ್ಟಿಗೆ ಗಿಟಾರ್ ಕೇಬಲ್ ಹಾಕಬಾರದು. 1.5 ಚದರ ಮಿಲಿಮೀಟರಿನ ಎರಡೆಳೆ ಸ್ಪೀಕರ್ ಕೇಬಲ್ಲೇ ಬೇಕು. ಹಲವು ಕ್ಲಾಸ್ ಡಿ ಹೆಡ್ಡುಗಳಲ್ಲಿ ಸ್ಪೀಕರ್ ಔಟ್‌ನ ಎರಡು ಎಳೆಗಳಲ್ಲೂ ಸಿಗ್ನಲ್ ಇರುತ್ತದೆ, ಯಾವುದೂ ಗ್ರೌಂಡ್ ಅಲ್ಲ. ಅಲ್ಲಿಂದ ಮಿಕ್ಸರಿಗೆ ಸಾಮಾನ್ಯ ಡಿಐ ಎಳೆದರೆ ಹೆಡ್ ಸುಡಬಹುದು.

ಮಳೆಗಾಲದ ಕಟ್ಟುಪಾಡು ಸರಳ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರ್ಯಕ್ರಮ ಇರಲಿ ಬಿಡಲಿ ವಾರಕ್ಕೊಮ್ಮೆ ಅರ್ಧ ಗಂಟೆ ಆಂಪ್ ಚಾಲೂ ಇಡಬೇಕು. ಒಳಗಿನ ತೇವ ಆರುತ್ತದೆ. ಜ್ಯಾಕ್‌ಗಳಿಗೆ ಪ್ಲಗ್ ಹತ್ತಾರು ಸಲ ಹಾಕಿ ತೆಗೆದರೆ ಕಿಲುಬು ಉಜ್ಜಿಹೋಗುತ್ತದೆ, ಸಾಲದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್. ಕ್ಯಾಬಿನೆಟ್ಟನ್ನು ರೆಕ್ಸಿನ್ ಹೊದಿಕೆಯಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗೇ ಬೂಷ್ಟು ಹಿಡಿಯುತ್ತದೆ, ಹತ್ತಿ ಬಟ್ಟೆ ಸಾಕು. ರಾತ್ರಿ ಚಳಿಯಲ್ಲಿ ಟೆಂಪೋದೊಳಗೆ ತಣ್ಣಗಾದ ಹೆಡ್ಡನ್ನು ಜನ ತುಂಬಿದ ಬೆಚ್ಚನೆ ಸಭಾಂಗಣಕ್ಕೆ ತಂದ ತಕ್ಷಣ ಚಾಲೂ ಮಾಡಬಾರದು, ಬೋರ್ಡಿನ ಮೇಲೆ ನೀರು ಕಟ್ಟಿರುತ್ತದೆ. ಅರ್ಧ ಗಂಟೆ ಬಿಟ್ಟು ಹಚ್ಚಿ.

ಇದೇ ವಾದಕರು ಮುಂದೆ ಸಿ6 ಕತ್ತಿನ ಪೆಡಲ್ ಸ್ಟೀಲ್‌ಗೆ ಹೋದರೆ ಕೆಳಗಿನ ತಂತಿ 65 ಹರ್ಟ್ಸ್‌ಗೆ ಇಳಿಯುತ್ತದೆ. ಆಗ ಈ 12 ಇಂಚು ಸಾಲದು. ಹೆಡ್ ಅದೇ ಇರಲಿ, ಪಕ್ಕಕ್ಕೆ 8 ಓಮ್‌ನ 15 ಇಂಚು ಕ್ಯಾಬಿನೆಟ್ ಒಂದನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗಿ ಪೂರಾ 200 ವ್ಯಾಟ್ ಕೈಗೆ ಬರುತ್ತದೆ.